ಸಂದಕ್‌ಫು–ಫಾಲೂತ್ ಟ್ರೆಕ್: ಕೊಪ್ಪಳ, ಬಳ್ಳಾರಿ, ರಾಯಚೂರಿಂದ ಹೋಗೋರು ಏನೇನು ಮಾಡ್ಕೋಬೇಕು

"ಹಿಮಾಲಯದಾಗ ಟೆಂಟ್ ಹೊರಲಾರದ ನಾಕೈದು ದಿನ ನಡೆಯೋ ದಾರಿ ಯಾವುದೈತ್ರಿ" ಅಂತ ಗಂಗಾವತಿಯಿಂದ ಒಬ್ರು ಕೇಳ್ತಾರ, ಸಿಂಧನೂರಿಂದ ಇನ್ನೊಬ್ರು "ಸಂದಕ್‌ಫು ಎಷ್ಟು ದಿನದಾಗ ಮುಗಿಸಬಹುದು" ಅಂತಾರ, ಬಳ್ಳಾರಿ ಹುಡುಗ್ರು "ಜೀನ್ಸ್ ನಡಿತೈತಾ" ಅಂತ ಕೇಳ್ತಾರ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಬರಿಯೋದಕ್ಕಿಂತ ಒಮ್ಮೆ ಪೂರ್ತಿ ಬರದ್ಬಿಡೋದು ಚಲೋ ಅನಿಸ್ತು, ಅದಕ್ಕ ಇದು.

ಮೊದ್ಲು ಜಾಗ ಯಾವುದು ಅಂತ. ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲಾದಾಗ ಸಿಂಗಲೀಲಾ ಅಂತ ಗುಡ್ಡದ ಸಾಲು ಐತಿ, ಭಾರತ-ನೇಪಾಳ ಗಡಿ ಈ ಸಾಲಿನ ನೆತ್ತಿ ಮ್ಯಾಲೇ ಹೋಗ್ತೈತಿ. ನಮ್ಮ ದಾರಿನೂ ಅದರ ಮ್ಯಾಲೇ, ಒಂದು ಕಾಲು ಇಲ್ಲಿ ಒಂದು ಕಾಲು ನೇಪಾಳದಾಗ ಇದ್ದಂಗ. ಸಂದಕ್‌ಫು 3,636 ಮೀಟರ್, ಪಶ್ಚಿಮ ಬಂಗಾಳದಾಗ ಇದಕ್ಕಿಂತ ಎತ್ತರದ ಜಾಗ ಇಲ್ಲ. ಅಲ್ಲಿಂದ ಫಾಲೂತ್ ತನಕ 21 ಕಿಲೋಮೀಟರ್ ನೆತ್ತಿ ಮ್ಯಾಲೇ ಹುಲ್ಲುಗಾವಲು, ಗಿಡ ಕಡಿಮೆ, ಆಕಾಶ ಜಾಸ್ತಿ. ಟೆಂಟ್ ಬ್ಯಾಡ, ಒಂದೊಂದು ದಿನದ ನಡಿಗಿಗೆ ಒಂದೊಂದು ಕಡೆ ಟ್ರೆಕರ್ಸ್ ಹಟ್ ಅದಾವ, ಅಂದ್ರ ನಡಕೊಂಡು ಬಂದೋರಿಗೆ ಹಾಸಿಗಿ, ಹೊದಿಕಿ, ಊಟ ಕೊಡೋ ಸಾದಾ ಮನಿಗಳು. ಕೆಲವು ಸರ್ಕಾರದ್ದು, ಕೆಲವು ಊರೋರು ನಡೆಸೋವು.

ಎಷ್ಟು ದಿನ ಅನ್ನೋದಕ್ಕ ನನ್ನ ಉತ್ತರ ಮೊದ್ಲೇ ಹೇಳಿಬಿಡ್ತೀನಿ: ನಡಿಗಿ ಆರು ದಿನ, ಕೈಯಾಗ ಇನ್ನೊಂದು ದಿನ ಖಾಲಿ ಇಟ್ಕೊಳ್ರಿ. ನಾಕ ದಿನದಾಗ ಮುಗಿಸ್ತೀವಿ ಅನ್ನೋರು ಇರ್ತಾರ, ಮುಗಿಸಲೂಬಹುದು, ಆದ್ರ ಅದರಾಗ ಅರ್ಧ ಜನ ತೆಲಿ ಹಿಡ್ಕೊಂಡು ಹಟ್‌ನ್ಯಾಗ ಮಲಗಿರ್ತಾರ. ನಮ್ಮ ಬಯಲುಸೀಮಿಯೋರಿಗೆ ಕಾಲು ಸೋಲೋದು ಕಡಿಮೆ, ಸೋಲೋದು ಎತ್ತರಕ್ಕ.

1. ಯಾವಾಗ ಹೋಗೋದು

ಜೂನ್ 16ರಿಂದ ಸೆಪ್ಟೆಂಬರ್ 15ರ ತನಕ ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಬಂದ್, ಆಗ ಟಿಕೆಟ್ ತೆಗಿಯೋ ಮಾತೇ ಇಲ್ಲ. ಹಿಮಶಿಖರ ನೋಡಬೇಕು ಅಂದ್ರ ಅಕ್ಟೋಬರ್ ಕೊನಿಯಿಂದ ಡಿಸೆಂಬರ್ ಮೊದ್ಲ ವಾರದ ತನಕ ಹೋಗ್ರಿ, ಗಾಳಿ ತೊಳೆದಿಟ್ಟಂಗ ಇರ್ತೈತಿ. ಹೂವು ನೋಡಬೇಕು ಅಂದ್ರ ಏಪ್ರಿಲ್, ರೋಡೋಡೆಂಡ್ರನ್ ಗಿಡ ಕೆಂಪಗ ಅರಳಿರ್ತಾವ, ಆದ್ರ ಮಧ್ಯಾಹ್ನ ಆದ ಮ್ಯಾಲೆ ಮೋಡ, ಮಳಿ, ಒಮ್ಮೊಮ್ಮೆ ಸಿಡಿಲು. ಎರಡೂ ಒಂದೇ ಸಲ ಸಿಗಲಿ ಅಂತ ಆಸೆ ಪಟ್ರ ಎರಡೂ ಸಿಗದ ಇರೋದೇ ಜಾಸ್ತಿ, ಒಂದು ಆರಿಸ್ಕೊಳ್ರಿ. ಜನವರಿ-ಫೆಬ್ರವರಿ ಹಿಮ ಬೀಳ್ತೈತಿ, ಮೊದ್ಲ ಸಲ ಹೋಗೋರಿಗೆ ನಾನು ಹೇಳಂಗಿಲ್ಲ.

2. ಎರಡು ತಿಂಗಳು ಮೊದ್ಲೇ ತಯಾರಿ

ಕೊಪ್ಪಳ, ಗಂಗಾವತಿಯೋರಿಗೆ ಅಂಜನಾದ್ರಿ ಐತಿ, 575 ಮೆಟ್ಟಿಲು, ಇದಕ್ಕಿಂತ ಚಲೋ ಜಿಮ್ ಬ್ಯಾಡ. ಬಳ್ಳಾರಿಯೋರು ಕೋಟಿ ಗುಡ್ಡ ಹತ್ರಿ. ರಾಯಚೂರಿನಾಗ ಕೋಟಿ ದಿಬ್ಬ ಸಣ್ಣದು, ಅಲ್ಲಿ ನಾಕೈದು ಸಲ ಹತ್ತಿ ಇಳಿಬೇಕಾಗ್ತೈತಿ. ವಾರದಾಗ ಮೂರು ದಿನ ಮುಂಜಾನಿ, ಮೊದ್ಲೆರಡು ವಾರ ಖಾಲಿ ಕೈಲೇ, ಆಮ್ಯಾಲೆ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು, ಒಳಗ ಎರಡು ಲೀಟರಿನ ನೀರಿನ ಬಾಟ್ಲಿ ಎರಡು, ಆಮ್ಯಾಲೆ ಮೂರು ಹಾಕ್ರಿ. ರವಿವಾರ ಒಂದು ಉದ್ದನೆ ನಡಿಗಿ, 12-15 ಕಿಲೋಮೀಟರ್, ಬಿಸಿಲು ಏರೋದ್ರೊಳಗ ಮುಗಿಸೋವಂಗ.

ಎಲ್ಲಾರೂ ತಪ್ಪೋದು ಎಲ್ಲಿ ಅಂದ್ರ ಹತ್ತೋದನ್ನ ಮಾತ್ರ ರೂಢಿ ಮಾಡ್ತಾರ. ಈ ಟ್ರೆಕ್ಕಿನಾಗ ಮೊಣಕಾಲು ಕೆಡೋದು ಇಳಿಯೋವಾಗ, ಫಾಲೂತ್‌ನಿಂದ ಗೋರ್ಖೆಗೆ ಒಂದೇ ದಿನದಾಗ ಸಾವಿರ ಮೀಟರಿಗಿಂತ ಜಾಸ್ತಿ ಇಳಿಬೇಕು. ಹಂಗಾಗಿ ಅಂಜನಾದ್ರಿ ಇಳಿಯೋವಾಗ ದಡಬಡ ಓಡಿ ಬರಬ್ಯಾಡ್ರಿ, ತೂಕ ಹೊತ್ಕೊಂಡು ನಿಧಾನಕ್ಕ ಒಂದೊಂದೇ ಮೆಟ್ಟಿಲು, ಮೊಣಕಾಲು ಸ್ವಲ್ಪ ಮಡಚೇ ಇಳಿರಿ. ಕೋತಿಗಳ ಕಾಟ ನಿಮಗ ಗೊತ್ತೇ ಐತಿ, ಬ್ಯಾಗಿನಾಗ ಬಾಳೆಹಣ್ಣು ಬ್ಯಾಡ.

ಬೂಟು ಹೊಸದು ತಗೊಂಡಿದ್ರ ಇದೇ ಎರಡು ತಿಂಗಳು ಅದನ್ನೇ ಹಾಕ್ಕೊಂಡು ನಡೀರಿ. ಸೈಜ್ ನೋಡೋವಾಗ ದಪ್ಪ ಕಾಲುಚೀಲ ಹಾಕ್ಕೊಂಡು ನೋಡ್ರಿ, ಬೆರಳ ಮುಂದ ಒಂದು ಬೆರಳಷ್ಟು ಜಾಗ ಇರಲಿ, ಇಲ್ಲಾಂದ್ರ ಇಳಿಯೋವಾಗ ಹೆಬ್ಬೆರಳಿನ ಉಗುರು ಬೂಟಿಗೆ ಬಡದು ಬಡದು ಕಪ್ಪಾಗ್ತೈತಿ.

3. ಸಾಮಾನು

ಜೀನ್ಸ್ ವಿಷಯ ಮೊದ್ಲು. ಬಳ್ಳಾರಿ ಜೀನ್ಸ್ ದೇಶಕ್ಕೆಲ್ಲ ಹೋಗ್ತಾವ, ಹೆಮ್ಮೆ ಐತಿ, ಆದ್ರ ಈ ಗುಡ್ಡಕ್ಕ ಮಾತ್ರ ಬ್ಯಾಡ್ರಿ. ಒದ್ದಿ ಆದ್ರ ಕಲ್ಲಿನಂಗ ಭಾರ ಆಗ್ತೈತಿ, ಆ ಥಂಡ್ಯಾಗ ಎರಡು ದಿನ ಆದ್ರೂ ಒಣಗಂಗಿಲ್ಲ, ಮೈಯಾಗಿನ ಬಿಸಿನೆಲ್ಲ ಎಳ್ಕೊಂಡುಬಿಡ್ತೈತಿ. ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ ಸಾಕು, ಎರಡು ನೂರು ರೂಪಾಯಿದ್ದಾದ್ರೂ ಪರವಾಗಿಲ್ಲ. ಹತ್ತಿ ಬನಿಯನ್ನಿಗೂ ಇದೇ ಮಾತು.

ಬಟ್ಟಿ ಮೂರು ಪದರಿನಾಗ ಹಾಕ್ಕೋಬೇಕು. ಮೈಗೆ ಹತ್ತಿದ್ದು ಬೆವರು ಹೊರಗ ಹಾಕೋ ಟಿ-ಶರ್ಟ್ ಇಲ್ಲಾ ಥರ್ಮಲ್, ಅದರ ಮ್ಯಾಲೆ ಫ್ಲೀಸ್ ಇಲ್ಲಾ ಉಣ್ಣಿ ಸ್ವೆಟರ್, ಎಲ್ಲಾದರ ಮ್ಯಾಲೆ ಗಾಳಿ-ಮಳಿ ತಡಿಯೋ ಜಾಕೆಟ್. ಹಟ್‌ನ್ಯಾಗ ಕುಂತಾಗ ಹಾಕ್ಕೊಳ್ಳಾಕ ಒಂದು ದಪ್ಪ ತುಂಬಿದ ಜಾಕೆಟ್ ಬ್ಯಾರೆ. ನಡಿಯೋವಾಗ ದಪ್ಪ ಜಾಕೆಟ್ ಹಾಕ್ಕೋಬ್ಯಾಡ್ರಿ, ಬೆವರ್ತೀರಿ, ನಿಂತ ಕೂಡ್ಲೇ ಆ ಬೆವರೇ ಮಂಜಿನಂಗ ಆಗ್ತೈತಿ. ಎತ್ತರ ಸಾವಿರ ಮೀಟರ್ ಏರಿದ್ರ ಸುಮಾರು 6 ಡಿಗ್ರಿ ಇಳಿತೈತಿ ಅಂತ ಲೆಕ್ಕ ಇಟ್ಕೊಳ್ರಿ, ನವೆಂಬರ್ ರಾತ್ರಿ ಸಂದಕ್‌ಫುದಾಗ ಸೊನ್ನಿಗಿಂತ ಕೆಳಗ ಹೋಗ್ತೈತಿ, ಮ್ಯಾಲೆ ಗಾಳಿ.

ಉಳಿದಿದ್ದು: ಕಿವಿ ಮುಚ್ಚೋ ಟೋಪಿ, ಕೈಗವಸು ಎರಡು ಜೊತಿ, ಉಣ್ಣಿ ಕಾಲುಚೀಲ ಮೂರು ಜೊತಿ, ಅದರಾಗ ಒಂದು ಜೊತಿ ಮಲಗಾಕ ಮಾತ್ರ. ತೆಲಿಗೆ ಕಟ್ಟೋ ಟಾರ್ಚ್, ಕಪ್ಪು ಕನ್ನಡಕ, ಸನ್‌ಸ್ಕ್ರೀನ್, ನೀರು ಶುದ್ಧ ಮಾಡೋ ಗುಳಿಗಿ, ಓಆರ್‌ಎಸ್, ಬ್ಯಾಂಡೇಜ್, ದಿನಾ ತಗೊಳ್ಳೋ ಔಷಧ ಇದ್ರ ಎರಡು ಪಟ್ಟು. ವಾಕಿಂಗ್ ಪೋಲ್ ಎರಡು, ಇಳಿಯೋವಾಗ ಮೊಣಕಾಲಿನ ಭಾರ ಇವು ತಗೊಳ್ತಾವ. ಎಲ್ಲಾ ಸೇರಿ ಬ್ಯಾಗ್ 9 ಕಿಲೋ ದಾಟಬಾರ್ದು, ದಾಟಿದ್ರ ಏನೋ ಒಂದು ಮನಿಯಾಗ ಬಿಡ್ರಿ.

ತಿನ್ನಾಕ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಉಂಡಿ ಒಯ್ರಿ. ರೊಟ್ಟಿ ಟ್ರೈನಿನ್ಯಾಗ ಎರಡು ದಿನಕ್ಕೂ ಆಗ್ತೈತಿ, ಗುಡ್ಡದಾಗೂ ಕೆಡಂಗಿಲ್ಲ, ಸ್ಟೀಲ್ ಡಬ್ಬಿ ಬ್ಯಾಡ, ಬಟ್ಟಿಯಾಗ ಸುತ್ತಿ ಬ್ಯಾಗಿನ ಬೆನ್ನಿನ ಕಡೆ ನಿಂದ್ರಿಸ್ರಿ, ಮುರಿಯೋದು ಕಡಿಮೆ. ಹಟ್‌ನ್ಯಾಗ ಅನ್ನ-ಬ್ಯಾಳಿ, ಆಲೂಗಡ್ಡಿ ಪಲ್ಯ, ತತ್ತಿ, ಮ್ಯಾಗಿ, ತುಕ್ಪಾ ಸಿಗ್ತಾವ, ತುಕ್ಪಾ ಅಂದ್ರ ಶಾವಿಗಿಯಂಥದ್ದನ್ನ ಸಾರಿನಾಗ ಹಾಕಿ ಬಿಸಿ ಬಿಸಿ ಕೊಡೋದು. ಖಾರ ನಮ್ಮಷ್ಟು ಇರಂಗಿಲ್ಲ, ಚಟ್ನಿಪುಡಿ ಅಲ್ಲಿ ಕೆಲಸಕ್ಕ ಬರ್ತೈತಿ.

4. ಕಾಗದ, ಗೈಡು, ಹಟ್ ಬುಕಿಂಗ್

ವೋಟರ್ ಐಡಿ, ಜೊತಿಗೆ ಆಧಾರ್, ಎರಡರದ್ದೂ ಜೆರಾಕ್ಸ್ ನಾಕೈದು. ದಾರಿ ನೇಪಾಳದ ಒಳಗೂ ಹೋಗ್ತೈತಿ, ಭಾರತದ ನಾಗರಿಕರಿಗೆ ವೀಸಾ ಬ್ಯಾಡ, ಆದ್ರ ಅಲ್ಲಲ್ಲಿ ಸಶಸ್ತ್ರ ಸೀಮಾ ಬಲದ ಚೆಕ್‌ಪೋಸ್ಟ್ ಅದಾವ, ನೇಪಾಳ ಗಡಿ ಕಾಯೋ ಪಡೆ ಅದು, ಹೆಸರು ಬರಿಸಿ ಹೋಗಬೇಕು. ಅವರ ಕ್ಯಾಂಪಿನ ಫೋಟೊ ತೆಗಿಯೋದು, ಡ್ರೋನ್ ಹಾರಿಸೋದು ಯಾವುದೂ ಬ್ಯಾಡ.

ಗೈಡ್ ಕಡ್ಡಾಯ. ಮನೇಭಂಜನ್ ಅನ್ನೋ ಊರಿಂದ ನಡಿಗಿ ಶುರು ಆಗೋದು, ಗೈಡುಗಳ ಸಂಘದ ಆಫೀಸ್ ಅಲ್ಲೇ ಐತಿ, ದಿನಕ್ಕ ಇಷ್ಟು ಅಂತ ರೇಟ್ ಬೋರ್ಡ್ ಇರ್ತೈತಿ, ಉದ್ಯಾನದ ಟಿಕೆಟ್ ಬ್ಯಾರೆ. ಮಾತಾಡೋವಾಗಲೇ ಕೇಳ್ಕೊಳ್ರಿ: ಗೈಡಿನ ಊಟ-ವಸತಿ ನಾವು ಕೊಡಬೇಕಾ, ಟ್ರೆಕ್ ಮುಗಿಯೋ ಊರಿಂದ ಅವರು ಹೊಳ್ಳಿ ಬರೋ ಖರ್ಚು ಯಾರದು. ಇದನ್ನ ಕೇಳದ ಹೋಗಿ ಕೊನೀ ದಿನ ಜಗಳ ಮಾಡೋರನ್ನ ನೋಡೀನಿ. ಬ್ಯಾಗ್ ಹೊರಾಕ ಆಗಲ್ಲ ಅನ್ನೋರು ಪೋರ್ಟರ್ ತಗೊಳ್ರಿ, ನಾಚಿಕೆ ಏನಿಲ್ಲ.

ಹಟ್ ಬುಕಿಂಗ್‌ನ್ಯಾಗ ಒಂದು ಕಡೆ ಮಾತ್ರ ಎಚ್ಚರ: ಫಾಲೂತ್. ತುಮ್ಲಿಂಗ್, ಕಾಲಾಪೋಖ್ರಿ, ಸಂದಕ್‌ಫು ಎಲ್ಲಾ ಕಡೆ ಖಾಸಗಿ ಲಾಡ್ಜ್ ಅದಾವ, ಒಂದು ಇಲ್ಲಾಂದ್ರ ಇನ್ನೊಂದು. ಫಾಲೂತ್‌ದಾಗ ಹಂಗಿಲ್ಲ, ಮುಖ್ಯ ಆಸರ ಜಿಟಿಎದ ಟ್ರೆಕರ್ಸ್ ಹಟ್, ಜಿಟಿಎ ಅಂದ್ರ ಡಾರ್ಜಿಲಿಂಗ್ ಗುಡ್ಡಗಾಡಿನ ಸ್ವಾಯತ್ತ ಆಡಳಿತ. ಹಾಸಿಗಿ ಕಡಿಮೆ, ಮುಂದ ಊರಿಲ್ಲ. ದಸರಾ-ದೀಪಾವಳಿ ಹೊತ್ತಿಗೆ ಬಂಗಾಳದ ಮಂದಿ ದಂಡು ದಂಡಾಗಿ ಬರ್ತಾರ, ಆ ಸಮಯಕ್ಕ ಹೋಗೋರು ಮೊದ್ಲು ಫಾಲೂತ್ ಹಾಸಿಗಿ ಖಾತ್ರಿ ಮಾಡ್ಕೊಂಡು, ಆಮ್ಯಾಲೆ ಟ್ರೈನ್ ಟಿಕೆಟ್ ತೆಗಿರಿ.

5. ಮನೇಭಂಜನ್ ಮುಟ್ಟೋದು

ಕೊಪ್ಪಳ, ಹೊಸಪೇಟೆ, ಬಳ್ಳಾರಿಯೋರಿಗೆ ಅಮರಾವತಿ ಎಕ್ಸ್‌ಪ್ರೆಸ್ ಐತಿ, ವಾಸ್ಕೋದಿಂದ ಬಂದು ನಮ್ಮ ಊರು ಹಾಯ್ದು ಕೋಲ್ಕತ್ತಾ ಕಡೆ ಹೋಗೋದು, ದಿನಾ ಇಲ್ಲ, ಯಾವ ವಾರ ಅಂತ ನೋಡ್ಕೊಳ್ರಿ. ರಾಯಚೂರಿನೋರು ಸಿಕಂದರಾಬಾದಿಗೆ ಹೋಗಿ ಹೌರಾ ಟ್ರೈನ್ ಹಿಡಿಯೋದು ಸಲೀಸು. ಇಲ್ಲಿ ಸಿಕ್ಕಿಬೀಳೋದು ಏನಂದ್ರ, ಕೋಲ್ಕತ್ತಾದಾಗ ಸ್ಟೇಷನ್ ಒಂದಲ್ಲ, ಹೌರಾ, ಶಾಲಿಮಾರ್, ಸಿಯಾಲ್ದಾ ಅಂತ ಬ್ಯಾರೆ ಬ್ಯಾರೆ ಅದಾವ, ನೀವು ಇಳಿಯೋದು ಒಂದು ಕಡೆ, ಸಿಲಿಗುರಿ ಊರಿನ ದೊಡ್ಡ ಸ್ಟೇಷನ್ ನ್ಯೂ ಜಲ್ಪೈಗುಡಿಗೆ ಹೋಗೋ ರಾತ್ರಿ ಟ್ರೈನ್ ಸಿಯಾಲ್ದಾದಿಂದ ಇರಬಹುದು. ನಡುವ ಹೊಳಿ, ಟ್ರಾಫಿಕ್. ಕಡಿಮೆ ಅಂದ್ರೂ ಆರು ತಾಸು ಬಿಟ್ಟು ಮುಂದಿನ ಟಿಕೆಟ್ ತೆಗಿರಿ. ರಜಾ ಕಡಿಮೆ ಇರೋರು ಬೆಂಗಳೂರು ಇಲ್ಲಾ ಹೈದರಾಬಾದಿಂದ ಸಿಲಿಗುರಿ ಹತ್ರದ ಬಾಗ್ಡೋಗ್ರಾಕ್ಕ ವಿಮಾನ ಹತ್ರಿ.

ನ್ಯೂ ಜಲ್ಪೈಗುಡಿ ಇಲ್ಲಾ ಸಿಲಿಗುರಿಯಿಂದ ಶೇರ್ ಜೀಪ್, ಸುಖಿಯಾಪೋಖ್ರಿ ಕಡೆಯಿಂದ ಮನೇಭಂಜನ್. ರೊಕ್ಕ ಸಿಲಿಗುರಿಯಾಗೇ ತೆಗದು ಇಟ್ಕೊಳ್ರಿ, ಮ್ಯಾಲೆ ಎಟಿಎಂ ಇಲ್ಲ, ನೆಟ್‌ವರ್ಕ್ ಹೋದ್ರ ಫೋನ್‌ಪೇನೂ ಇಲ್ಲ. ನೂರು, ಇನ್ನೂರರ ನೋಟು ಜಾಸ್ತಿ ಇರಲಿ. ಆ ರಾತ್ರಿ ಮನೇಭಂಜನ್‌ದಾಗೇ ಮಲಗ್ರಿ, ಬಂದ ದಿನಾನೇ ನಡಿಯಾಕ ಶುರು ಮಾಡಬ್ಯಾಡ್ರಿ.

6. ಎತ್ತರದ ಕಾಯಿಲೆ, ಇದನ್ನ ಹಾರಿಸಿ ಓದಬ್ಯಾಡ್ರಿ

ನಮ್ಮ ಊರುಗಳೆಲ್ಲ ಸಮುದ್ರಮಟ್ಟದಿಂದ 400-500 ಮೀಟರಿನಾಗ ಅದಾವ. 3,600 ಮೀಟರಿನಾಗ ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರಮಟ್ಟದ ಮೂರರಾಗ ಎರಡು ಪಾಲಷ್ಟ. 2,500 ಮೀಟರ್ ದಾಟಿದ ಮ್ಯಾಲೆ ಈ ಕಾಯಿಲೆ ಯಾರಿಗೆ ಬೇಕಾದ್ರೂ ಬರಬಹುದು, ವಯಸ್ಸು, ಜಿಮ್, ಕಬಡ್ಡಿ ಯಾವುದನ್ನೂ ಅದು ಕೇಳಂಗಿಲ್ಲ. ಖರೇ ಹೇಳಬೇಕಂದ್ರ ಗಟ್ಟಿ ಹುಡುಗ್ರಿಗೇ ಜಾಸ್ತಿ ತ್ರಾಸು, ಯಾಕಂದ್ರ ಅವರು ಜೋರು ನಡದು ಎಲ್ಲಾರಿಗಿಂತ ಮೊದ್ಲು ಮ್ಯಾಲೆ ಮುಟ್ಟಿರ್ತಾರ.

ಲಕ್ಷಣ: ತೆಲಿನೋವು, ಅದರ ಜೊತಿಗೆ ವಾಕರಿಕೆ, ಊಟ ಸೇರದ ಇರೋದು, ತೆಲಿ ತಿರಗೋದು, ಮೈಯಾಗ ಶಕ್ತಿನೇ ಇಲ್ಲ ಅನಿಸೋದು. ಇಷ್ಟು ಇದ್ರ ಅವತ್ತು ಮ್ಯಾಲೆ ಹತ್ತಬ್ಯಾಡ್ರಿ, ಅಲ್ಲೇ ಉಳೀರಿ, ನೀರು ಕುಡೀರಿ, ಕಡಿಮೆ ಆದ್ರ ಮಾತ್ರ ಮುಂದ. ಜಾಸ್ತಿ ಆದ್ರ ಇಳೀರಿ. ಕುಡದೋರಂಗ ಹೆಜ್ಜಿ ತಪ್ಪೋದು, ಮಾತು ಗೊಂದಲ ಆಗೋದು, ಸುಮ್ನ ಕುಂತಾಗೂ ದಮ್ಮು ಹತ್ತೋದು, ಕೆಮ್ಮಿದ್ರ ನೊರಿ ಬರೋದು, ಇವು ಬಂದ್ರ ರಾತ್ರಿ ಎರಡು ಗಂಟೆ ಆಗಿದ್ರೂ ಮುಂಜಾನಿ ತನಕ ಕಾಯಂಗಿಲ್ಲ, ಜೀಪ್ ಕರೆಸಿ ಕೆಳಗ ಇಳಿಸ್ರಿ. ಸಂದಕ್‌ಫು ತನಕ ಜೀಪ್ ದಾರಿ ಐತಿ ಅನ್ನೋದು ಈ ಟ್ರೆಕ್ಕಿನ ದೊಡ್ಡ ಆಸರ.

ಹೆಜ್ಜಿ ಎಷ್ಟು ನಿಧಾನ ಇರಬೇಕು ಅಂದ್ರ, ಬಾಜೂಕಿರೋರ ಜೊತಿ ನಿಲ್ಲದ ಮಾತಾಡಾಕ ಬರಬೇಕು. 3,000 ಮೀಟರ್ ದಾಟಿದ ಮ್ಯಾಲೆ ಮಲಗೋ ಎತ್ತರ ದಿನಕ್ಕ 500 ಮೀಟರಿಗಿಂತ ಜಾಸ್ತಿ ಏರಬಾರ್ದು ಅನ್ನೋದು ಡಾಕ್ಟರ್‌ಗಳ ಲೆಕ್ಕ. ಡೈಮಾಕ್ಸ್ ಅಂತ ಗುಳಿಗಿ ಐತಿ, ಮೈ ಎತ್ತರಕ್ಕ ಹೊಂದ್ಕೊಳ್ಳಾಕ ಸಹಾಯ ಮಾಡ್ತೈತಿ, ಆದ್ರ ಗೆಳ್ಯಾ ಕೊಟ್ಟ ಅಂತ ನುಂಗಬ್ಯಾಡ್ರಿ, ಊರಾಗಿನ ಡಾಕ್ಟರ್ ಹತ್ರ ಕೇಳಿ ತಗೊಳ್ರಿ, ಸಲ್ಫಾ ಅಲರ್ಜಿ ಇದ್ದೋರು ಅದನ್ನ ಮೊದ್ಲೇ ಹೇಳ್ರಿ. ಬಿಪಿ, ಹೃದಯ, ದಮ್ಮಿನ ತ್ರಾಸು ಇದ್ದೋರು, 50 ದಾಟಿದೋರು ತಪಾಸಣೆ ಮಾಡಿಸ್ಕೊಂಡೇ ಹೋಗ್ರಿ. ದಾರು, ನಿದ್ದಿ ಗುಳಿಗಿ ಎರಡೂ ಬ್ಯಾಡ. ಥಂಡಿಗೆ ರಮ್ ಅಂತಾರಲ್ಲ, ಮೈ ಬೆಚ್ಚಗ ಆದಂಗ ಅನಿಸ್ತೈತಿ ಅಷ್ಟ, ಒಳಗಿನ ಬಿಸಿ ಹೊರಗ ಹೋಗ್ತಿರ್ತೈತಿ.

7. ದಿನದ ನಡಿಗಿ

ಒಂದು ಮಾತು ಮೊದ್ಲೇ: ಅಲ್ಲಿ ಹೊತ್ತು ಬೇಗ ಮುಳುಗ್ತೈತಿ. ನಮ್ಮಲ್ಲಿ ಡಿಸೆಂಬರಿನಾಗ ಆರರ ಹತ್ರ ಮುಳುಗಿದ್ರ, ಅಲ್ಲಿ ಐದರೊಳಗ ಕತ್ತಲ. ಮುಂಜಾನಿ ಏಳಕ್ಕ ಹೊಂಟು ಮಧ್ಯಾಹ್ನ ಮೂರಕ್ಕ ಹಟ್ ಮುಟ್ಟೋವಂಗ ನೋಡ್ಕೊಳ್ರಿ.

ಒಂದನೇ ದಿನ ಮನೇಭಂಜನ್–ತುಮ್ಲಿಂಗ್. ಮೊದ್ಲ ಎರಡು-ಮೂರು ಕಿಲೋಮೀಟರ್, ಚಿತ್ರೆ ತನಕ, ಇಡೀ ಟ್ರೆಕ್ಕಿನ ಕಡಿದಾದ ಏರಿನಾಗ ಒಂದು, ಎದಿ ಬಡ್ಕೊಳ್ತೈತಿ, ಹೆದರಬ್ಯಾಡ್ರಿ. ಮೇಘ್ಮಾ ದಾಟಿ ತುಮ್ಲಿಂಗ್, ಸುಮಾರು 2,900 ಮೀಟರ್, ಇದು ನೇಪಾಳದ ಊರು.

ಎರಡನೇ ದಿನ ತುಮ್ಲಿಂಗ್–ಕಾಲಾಪೋಖ್ರಿ. ಗೈರಿಬಾಸ್ ತನಕ ಇಳಿತೀರಿ, ಇಳದಿದ್ದನ್ನೆಲ್ಲ ಮತ್ತ ಹತ್ತಬೇಕು, ಬ್ಯಾಸರ ಬರ್ತೈತಿ. ಇಲ್ಲೇ ಎಲ್ಲಾರೂ ಮಾಡೋ ದೊಡ್ಡ ತಪ್ಪು: ಮಧ್ಯಾಹ್ನದೊಳಗ ಕಾಲಾಪೋಖ್ರಿ ಮುಟ್ಟಿರ್ತಾರ, ಕಾಲಿನಾಗ ಇನ್ನೂ ಶಕ್ತಿ ಇರ್ತೈತಿ, "ಇನ್ನು ಆರೇ ಕಿಲೋಮೀಟರ್, ಇವತ್ತೇ ಸಂದಕ್‌ಫು ಹೋಗೂಣು" ಅಂತ ಹೊಂಟುಬಿಡ್ತಾರ. ಹೋಗಬ್ಯಾಡ್ರಿ. ಅದು ಒಂದೇ ದಿನಕ್ಕ 700 ಮೀಟರ್ ಹತ್ರ ಏರಿ ಮಲಗಿದಂಗ ಆಗ್ತೈತಿ. ಕಾಲಾಪೋಖ್ರಿಯಾಗ ಉಳೀರಿ, ಕೆರಿ ದಂಡಿಗೆ ಪ್ರಾರ್ಥನೆ ಬಾವುಟ ನೋಡ್ರಿ, ಚಾ ಕುಡೀರಿ.

ಮೂರನೇ ದಿನ ಸಂದಕ್‌ಫು, ಆರು ಕಿಲೋಮೀಟರ್ ಅಷ್ಟ. ಬಿಖೇಭಂಜನ್ ದಾಟಿದ ಮ್ಯಾಲೆ ನೆಟ್ಟಗ ಏರು, ನಾಕು ತಾಸು ತಗೊಂಡ್ರೂ ನಡಿತೈತಿ. ಮಧ್ಯಾಹ್ನ ಮುಟ್ಟಿದ್ರ ಮೋಡ ಇರ್ತೈತಿ, ನಿರಾಸೆ ಆಗಬ್ಯಾಡ್ರಿ, ನೋಡೋದು ಮರುದಿನ ನಸುಕಿನ್ಯಾಗ. ಎವರೆಸ್ಟ್, ಕಾಂಚನಜುಂಗಾ, ಲೋತ್ಸೆ, ಮಕಾಲು, ಜಗತ್ತಿನ ಮೊದ್ಲ ಐದು ಶಿಖರದಾಗ ಕೆ2 ಒಂದನ್ನ ಬಿಟ್ಟು ನಾಕೂ ಒಂದೇ ಜಾಗದಾಗ ನಿಂತು ಕಾಣ್ತಾವ. ಕಾಂಚನಜುಂಗಾದ ಸಾಲು ಮಲಗಿದ ಬುದ್ಧನಂಗ ಕಾಣ್ತೈತಿ, ಆ ಬುದ್ಧನ ಮುಖ ಆಗಿರೋ ಶಿಖರದ ಹೆಸರು ಕುಂಭಕರ್ಣ. ನಮ್ಮ ಕಿಷ್ಕಿಂಧೆ ಕಡೆಯೋರು ಅಷ್ಟು ದೂರ ಹೋದ್ರೂ ಅವನ ಕಾಟ ತಪ್ಪಲಿಲ್ಲ ನೋಡ್ರಿ, ಅಲ್ಲೂ ಮಲಗೇ ಇದಾನ.

ನಾಕನೇ ದಿನ ಸಂದಕ್‌ಫು–ಫಾಲೂತ್, 21 ಕಿಲೋಮೀಟರ್. ಬಾಳ ಮಂದಿ ಸಂದಕ್‌ಫು ನೋಡಿ ಜೀಪ್ ಹತ್ತಿ ಹೊಳ್ಳಿ ಬರ್ತಾರ, ನನ್ನ ಕೇಳಿದ್ರ ಈ ದಿನದ ಸಲುವಾಗೇ ಉಳಿದ ಐದು ದಿನ ನಡಿಬೇಕು. ಎಡಕ್ಕ ನೇಪಾಳ, ಬಲಕ್ಕ ಬಂಗಾಳ, ಎದುರಿಗೆ ದಿನಪೂರ್ತಿ ಕಾಂಚನಜುಂಗಾ. ದೊಡ್ಡ ಏರಿಲ್ಲ, ಆದ್ರ ಸಣ್ಣ ಸಣ್ಣ ಏರಿಳಿತ ಮುಗಿಯಂಗೇ ಇಲ್ಲ, ಗಾಳಿಗೆ ತಡಿ ಇಲ್ಲ. ದಾರ್ಯಾಗ ಚಾದಂಗಡಿ ಸಿಗ್ತೈತಿ ಅಂತ ನಂಬಬ್ಯಾಡ್ರಿ, ಮಧ್ಯಾಹ್ನದ ಬುತ್ತಿ, ಮೂರು ಲೀಟರ್ ನೀರು ಸಂದಕ್‌ಫುದಾಗೇ ತುಂಬ್ಕೊಳ್ರಿ. ಮಂಜು ಮುಸುಕಿದ್ರ ಹುಲ್ಲಿನಾಗ ದನ-ಯಾಕ್ ತುಳಿದ ದಾರಿ ಹತ್ತಾರು ಕಾಣ್ತಾವ, ಎಲ್ಲಾ ಖರೇ ದಾರಿ ಅನಿಸ್ತಾವ, ಗೈಡ್ ಕಣ್ಣಿಗೆ ಕಾಣೋವಷ್ಟು ಹತ್ರಾನೇ ಇರ್ರಿ. ಸಿಡಿಲಿನ ಸಪ್ಪಳ ಕೇಳಿದ್ರ ನೆತ್ತಿ ಬಿಟ್ಟು ಬಾಜೂಕ ಇಳೀರಿ, ಒಂಟಿ ಗಿಡದ ಕೆಳಗ ನಿಲ್ಲಬ್ಯಾಡ್ರಿ.

ಐದನೇ ದಿನ ಫಾಲೂತ್–ಗೋರ್ಖೆ, ಸುಮಾರು 15 ಕಿಲೋಮೀಟರ್, ಪೂರ್ತಿ ಇಳಕಲು, ಕಾಡಿನೊಳಗ. ಹೊಂಡೋ ಮೊದ್ಲು ಬೂಟಿನ ಲೇಸ್ ಬಿಚ್ಚಿ ಹಿಮ್ಮಡಿ ಹಿಂದಕ್ಕ ಒತ್ತಿ, ಹರಡಿನ ಹತ್ರ ಬಿಗಿಯಾಗಿ ಕಟ್ಟಿ, ಬೆರಳಿನ ಕಡೆ ಸಡಿಲ ಬಿಡ್ರಿ, ಆಗ ಪಾದ ಮುಂದಕ್ಕ ಜಾರಂಗಿಲ್ಲ. ಗೋರ್ಖೆ ಹೊಳಿ ದಂಡಿಯ ಸಣ್ಣ ಊರು, ಆಕಡೆ ಸಿಕ್ಕಿಂ. ಖಾಲಿ ಇಟ್ಕೊಂಡಿದ್ದ ದಿನ ಉಳಿದಿದ್ರ ಇಲ್ಲಿ ಕಳೀರಿ.

ಆರನೇ ದಿನ ಗೋರ್ಖೆಯಿಂದ ರಮ್ಮಾಮ್ ಹಾಯ್ದು ಶ್ರೀಖೋಲಾ.

8. ಹಟ್‌ನ್ಯಾಗ ರಾತ್ರಿ

ಹೋಟೆಲ್ ಅಂತ ತಿಳ್ಕೊಂಡು ಹೋಗಬ್ಯಾಡ್ರಿ. ಒಂದು ಖೋಲಿಯಾಗ ಆರೇಳು ಮಂಚ, ಗಂಡಸ್ರು ಹೆಂಗಸ್ರು ಎಲ್ಲಾರೂ ಒಂದೇ ಕಡೆ ಇರಬಹುದು, ಬ್ಯಾರೆ ಖೋಲಿ ಬೇಕಿದ್ರ ಮೊದ್ಲೇ ಹೇಳಿಡ್ರಿ. ಸಂದಕ್‌ಫು, ಫಾಲೂತ್ ಎರಡೂ ನೆತ್ತಿ ಮ್ಯಾಲೆ ಇರೋದ್ರಿಂದ ನೀರಿನ ಬರ, ಕೆಳಗಿಂದ ತರಬೇಕು. ಜಳಕದ ವಿಚಾರ ಬಿಡ್ರಿ, ಬಿಸಿನೀರು ಒಂದು ಬಕೀಟು ಕೇಳಿದ್ರೂ ಅವರ ಮುಖ ನೋಡಿ ಕೇಳ್ರಿ. ಊಟ ಏನು ಬೇಕು, ಎಷ್ಟು ಮಂದಿ ಅಂತ ಮುಟ್ಟಿದ ಕೂಡ್ಲೇ ಹೇಳಿಬಿಡ್ರಿ, ಏಳಕ್ಕ ಅಡಗಿ ಮನಿ ಬಂದ್.

ಮಲಗೋವಾಗ ಸ್ಟೀಲ್ ಬಾಟ್ಲಿಯಾಗ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಕಾಲುಚೀಲದಾಗ ಹಾಕಿ ಹೊದಿಕಿ ಒಳಗ ಪಾದದ ಹತ್ರ ಇಟ್ಕೊಳ್ರಿ, ಮುಂಜಾನಿ ಅದೇ ಕುಡಿಯೋ ನೀರು. ಫೋನು, ಪವರ್ ಬ್ಯಾಂಕ್ ಸೈತ ಹೊದಿಕಿ ಒಳಗ, ಥಂಡಿಗೆ ಬ್ಯಾಟರಿ ಬೇಗ ಇಳಿತೈತಿ. ಖೋಲಿ ಬೆಚ್ಚಗಾಗಲಿ ಅಂತ ಇದ್ದಿಲ ಒಲಿ ಒಳಗ ಇಟ್ಟು ಕಿಟಕಿ ಮುಚ್ಚಿ ಮಲಗೋದು ಮಾತ್ರ ಯಾವ ಕಾರಣಕ್ಕೂ ಬ್ಯಾಡ, ಹೊಗಿ ಕಾಣದಿದ್ರೂ ಕಾರ್ಬನ್ ಮೊನಾಕ್ಸೈಡ್ ತುಂಬ್ತೈತಿ, ನಿದ್ದ್ಯಾಗೇ ಜೀವ ಹೋಗ್ತೈತಿ.

ಬಿಸ್ಕೀಟ್ ಪ್ಯಾಕೆಟ್, ಮ್ಯಾಗಿ ಕವರ್ ಎಲ್ಲಾ ನಿಮ್ಮ ಬ್ಯಾಗಿನಾಗೇ ಕೆಳಗ ಬರಬೇಕು, ಅಲ್ಲಿ ಕಸದ ಗಾಡಿ ಬರಂಗಿಲ್ಲ.

9. ಹೊಳ್ಳಿ ಬರೋದು

ಶ್ರೀಖೋಲಾದಿಂದ ರಿಂಬಿಕ್ ಏಳು ಕಿಲೋಮೀಟರ್ ರಸ್ತೆ, ಅಲ್ಲಿಂದ ಡಾರ್ಜಿಲಿಂಗ್ ಕಡೆ ಶೇರ್ ಜೀಪ್. ಇವು ಮುಂಜಾನಿ ಬೇಗ ಹೊಂಡ್ತಾವ, ಹತ್ತು ಗಂಟೆಗೆ ಆರಾಮಾಗಿ ಹೋದ್ರ ಅವತ್ತಿನ ಕಥಿ ಮುಗೀತು, ಇಡೀ ಜೀಪ್ ಬಾಡಿಗಿ ಮಾಡಬೇಕಾಗ್ತೈತಿ. ಹಿಂದಿನ ಸಂಜಿನೇ ಲಾಡ್ಜಿನೋರಿಗೆ ಹೇಳಿ ಸೀಟ್ ಹಿಡಿಸಿಡ್ರಿ, ಅವರಿಗೆ ಡ್ರೈವರ್‌ಗಳ ನಂಬರ್ ಗೊತ್ತಿರ್ತೈತಿ. ಗೈಡಿನ ಲೆಕ್ಕ ಅದೇ ರಾತ್ರಿ ಊಟ ಆದ ಮ್ಯಾಲೆ ಚುಕ್ತಾ ಮಾಡ್ರಿ, ಮುಂಜಾನಿ ಜೀಪ್ ಹಾರ್ನ್ ಹೊಡಿಯೋವಾಗ ಚಿಲ್ಲರೆ ಹುಡುಕೋದು ಬ್ಯಾಡ. ಮತ್ತ ಕೋಲ್ಕತ್ತಾದಿಂದ ಊರಿಗೆ ಬರೋ ಟ್ರೈನ್ ಟಿಕೆಟ್ ಅದೇ ರಾತ್ರಿದ್ದೋ ಮರುದಿನದ್ದೋ ಮಾಡಿಸಬ್ಯಾಡ್ರಿ, ಗುಡ್ಡದ ರಸ್ತಿ ಮಳಿಗೆ ಕುಸಿದ್ರ ಜೀಪ್ ಎಷ್ಟೊತ್ತಿಗೆ ಸಿಲಿಗುರಿ ಮುಟ್ಟತೈತಿ ಅಂತ ಡ್ರೈವರಿಗೂ ಹೇಳಾಕ ಬರಂಗಿಲ್ಲ.